ಜೇಕಿನ ಗಡ್ಡೆ, ಬಾಗಿದ ಬೆನ್ನು

1977ರಲ್ಲಿ ಹೈದರಾಬಾದಿನ ಇಬ್ಬರು ಸಂಶೋಧಕರು ಕಳೆಯ ಬಗ್ಗೆ ಒಂದು ಪ್ರಬಂಧ ಬರೆದರು. ಒಬ್ಬರು ಅರ್ಥಶಾಸ್ತ್ರಜ್ಞ ಹ್ಯಾನ್ಸ್ ಬಿನ್ಸ್‌ವಾಂಗರ್. ಇನ್ನೊಬ್ಬರು ಕಳೆಗಳ ಮೇಲೆ ಕೆಲಸ ಮಾಡುತ್ತಿದ್ದ ಬೇಸಾಯ ವಿಜ್ಞಾನಿ ಎಸ್.ವಿ.ಆರ್. ಶೆಟ್ಟಿ. ಒಣಪ್ರದೇಶದ ಬೆಳೆಗಳಿಗಾಗಿ ಐದು ವರ್ಷಗಳ ಹಿಂದೆ, 1972ರಲ್ಲಿ ಆರಂಭವಾಗಿದ್ದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಇಬ್ಬರೂ ಇದ್ದರು. ಜೋಳ, ಸಜ್ಜೆ, ತೊಗರಿ, ಶೇಂಗಾ ಬೆಳೆಯುವ ಭಾರತದ ಬಡ ರೈತನಿಗೆ ಕಳೆನಾಶಕ ಬೇಕೆ ಎಂಬುದು ಅವರ ಪ್ರಶ್ನೆ.

ಹಸಿರು ಕ್ರಾಂತಿಯ ಬಿಸಿ ಆರಿರದ ಕಾಲ ಅದು. ಹೊಸ ಬೀಜ, ಹೊಸ ಗೊಬ್ಬರ, ಹೊಸ ಔಷಧ ಎಂದರೆ ಒಳ್ಳೆಯದೇ ಎಂದು ಎಲ್ಲರೂ ನಂಬಿದ್ದರು. ಆದರೆ ಈ ಇಬ್ಬರ ಲೆಕ್ಕ ಬೇರೆಯೇ ಹೇಳಿತು. ಅಂದಿನ ಕೂಲಿಯ ದರದಲ್ಲಿ ಕೈಯಿಂದ ಕಳೆ ತೆಗೆಸುವುದು ಮತ್ತು ಎಡೆಕುಂಟೆ ಹೊಡೆಯುವುದು ಕಳೆನಾಶಕಕ್ಕಿಂತ ಅಗ್ಗವಾಗಿತ್ತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಕಳೆ ತೆಗೆಯುವ ಕೆಲಸದ ಬಹುಪಾಲು ಕೂಲಿ ಹೆಂಗಸರ ಕೈಯಲ್ಲಿತ್ತು. ಔಷಧ ಬಂದರೆ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಇರುವವರ ಆ ಕೆಲಸವೇ ಹೋಗುತ್ತಿತ್ತು.

ಆ ಲೆಕ್ಕದ ಒಳಗೊಂದು ಕಹಿ ಸತ್ಯವಿದೆ. ಕೈಯ ಕೆಲಸ ಅಗ್ಗವಾಗಿದ್ದುದು ಆ ಕೈಗಳಿಗೆ ಸಿಗುತ್ತಿದ್ದ ಕೂಲಿ ಕಡಿಮೆ ಇದ್ದುದರಿಂದ. ದಖ್ಖನಿನಲ್ಲಿ ಕಳೆಯ ಚರಿತ್ರೆ ಎಂದರೆ ಹುಲ್ಲಿನ ಚರಿತ್ರೆಯಷ್ಟೇ ಅಲ್ಲ. ಅದನ್ನು ಕೀಳಲು ಯಾರು ಬಾಗಬೇಕು, ಅದಕ್ಕೆ ಎಷ್ಟು ಕೊಡಬೇಕು ಎಂಬುದರ ಚರಿತ್ರೆಯೂ ಹೌದು.

ಎರಡು ಹುಲ್ಲುಗಳು

ಕಳೆಗಳಲ್ಲಿ ಎರಡು ಜಾತಿ. ಒಂದು ಮಳೆಗೆ ಹುಟ್ಟಿ, ಬೀಜ ಉದುರಿಸಿ, ಅದೇ ವರ್ಷ ಸಾಯುವಂಥದು. ಹೂವಾಗುವ ಮೊದಲು ಕಿತ್ತರೆ ಅದರ ಕಥೆ ಮುಗಿಯಿತು. ಇನ್ನೊಂದು ನೆಲದೊಳಗೆ ಬಂಡವಾಳ ಕೂಡಿಟ್ಟುಕೊಂಡು ವರ್ಷವರ್ಷವೂ ಬದುಕುವಂಥದು. ಮೇಲಿನದನ್ನು ಕೊಯ್ದರೆ ಕೆಳಗಿನದು ಮತ್ತೆ ಚಿಗುರುತ್ತದೆ. ಹೈದರಾಬಾದಿನ ಸುತ್ತಿನ ಹೊಲಗಳಲ್ಲೂ ರಾಯಚೂರು, ಕಲಬುರಗಿ, ಬೀದರ ಕಡೆಯ ಎರೆ ಭೂಮಿಯಲ್ಲೂ ಈ ಎರಡನೆಯ ಜಾತಿಯ ಮುಖ್ಯ ಪ್ರತಿನಿಧಿಗಳು ಜೇಕು ಮತ್ತು ಗರಿಕೆ.

ಜೇಕಿಗೆ ಕನ್ನಡದಲ್ಲಿ ಕೊನ್ನಾರಿ, ಭದ್ರಮುಷ್ಟಿ ಎಂಬ ಹೆಸರುಗಳೂ ಇವೆ. ತೆಲುಗಿನಲ್ಲಿ ಅದು ತುಂಗ. ಗರಿಕೆಯನ್ನು ಉತ್ತರ ಕರ್ನಾಟಕದಲ್ಲಿ ಕರಕಿ ಎನ್ನುತ್ತಾರೆ, ತೆಲುಗಿನಲ್ಲಿ ಗರಿಕ, ಉರ್ದುವಿನಲ್ಲಿ ದೂಬ್, ಮರಾಠಿಯಲ್ಲಿ ಹರಳಿ. ಒಂದೇ ಹುಲ್ಲಿಗೆ ನಾಲ್ಕು ಭಾಷೆಯಲ್ಲೂ ಮನೆಮಾತಿನ ಹೆಸರಿದೆ ಎಂದರೆ ನಾಲ್ಕೂ ಭಾಷೆಯವರು ಅದರೊಂದಿಗೆ ಗುದ್ದಾಡಿದ್ದಾರೆ ಎಂದೇ ಅರ್ಥ.

ಜೇಕಿನ ಬಲ ಅದರ ಗಡ್ಡೆಯಲ್ಲಿದೆ. ನೆಲದೊಳಗೆ ತೆಳ್ಳನೆಯ ದಾರದಂಥ ಕಾಂಡ ಹರಿದು, ಅದರ ಉದ್ದಕ್ಕೂ ಮಣಿ ಪೋಣಿಸಿದಂತೆ ಕಪ್ಪು ಗಡ್ಡೆಗಳು ಕಟ್ಟುತ್ತವೆ. ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ, ಕೆಲವು ಇನ್ನೂ ಕೆಳಕ್ಕೆ ಇಳಿಯುತ್ತವೆ. ಸರ ಹರಿಯದೆ ಇರುವಾಗ ಅದರಲ್ಲಿ ಕೆಲವು ಗಡ್ಡೆಗಳು ಮಾತ್ರ ಚಿಗುರುತ್ತವೆ, ಉಳಿದವು ಮಲಗಿರುತ್ತವೆ. ಸರ ತುಂಡಾದೊಡನೆ ಮಲಗಿದ್ದವೂ ಏಳುತ್ತವೆ. ಹಾಗಾಗಿ ಎಲೆ ಹಿಡಿದು ಜಗ್ಗಿದವನ ಕೈಗೆ ಎಲೆ ಬರುತ್ತದೆ, ನೆಲದಲ್ಲಿ ಒಂದಿದ್ದ ಮೊಳಕೆ ನಾಲ್ಕಾಗುತ್ತದೆ. ಗರಿಕೆಯ ದಾರಿ ಬೇರೆ. ಅದು ನೆಲದ ಮೇಲೆ ಬಳ್ಳಿಯಾಗಿ ಹಬ್ಬುತ್ತದೆ, ನೆಲದ ಒಳಗೂ ಹರಿಯುತ್ತದೆ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಒಂದು ಗೆಣ್ಣು ಉಳಿದರೂ ಸಾಕು, ಹೊಸ ಗಿಡ.

ಬಿನ್ಸ್‌ವಾಂಗರ್ ಮತ್ತು ಶೆಟ್ಟಿ ತಮ್ಮ ಪ್ರಬಂಧ ಬರೆದ 1977ರಲ್ಲೇ ಲೆರಾಯ್ ಹೋಮ್ ಮತ್ತು ಸಂಗಡಿಗರು ಪ್ರಪಂಚದ ಅತಿ ಕೆಟ್ಟ ಕಳೆಗಳ ಬಗ್ಗೆ ಒಂದು ದೊಡ್ಡ ಗ್ರಂಥ ಹೊರತಂದರು. ಆ ಪಟ್ಟಿಯಲ್ಲಿ ಮೊದಲ ಸ್ಥಾನ ಜೇಕಿಗೆ, ಎರಡನೆಯದು ಗರಿಕೆಗೆ. ಜೇಕು 92 ದೇಶಗಳಲ್ಲಿ, 52 ಬೆಳೆಗಳಲ್ಲಿ ಕಾಟ ಕೊಡುತ್ತದೆ ಎಂದು ಅವರು ದಾಖಲಿಸಿದರು. ದಖ್ಖನಿನ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಎರಡಕ್ಕೂ ಎರಡು ದೌರ್ಬಲ್ಯಗಳಿವೆ. ಒಂದು, ನೆರಳು ಆಗದು. ಇನ್ನೊಂದು, ನೆಲದಿಂದ ಹೊರಬಿದ್ದ ಗಡ್ಡೆ ಅಥವಾ ಗೆಣ್ಣು ಬೇಸಿಗೆಯ ಬಿಸಿಲಿಗೆ ಒಣಗಿದರೆ ಮತ್ತೆ ಚಿಗುರುವುದಿಲ್ಲ. ಕಳೆಯ ಮೇಲೆ ಮನುಷ್ಯ ಪಡೆದ ಗೆಲುವುಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಮೇಲೆಯೇ ನಿಂತಿವೆ.

ಕುಂಟೆ ಮತ್ತು ಅಗೆತ

ಎರೆ ಭೂಮಿಯ ಹಳೆಯ ಬೇಸಾಯದಲ್ಲಿ ನೇಗಿಲಿಗಿಂತ ಕುಂಟೆಗೆ ಹೆಚ್ಚು ಕೆಲಸ. ಅಗಲವಾದ ಕಬ್ಬಿಣದ ಅಲಗು ನೆಲದ ಎರಡು ಮೂರು ಬೆರಳು ಕೆಳಗೆ ಹರಿದು, ಮಣ್ಣನ್ನು ತಿರುವಿ ಹಾಕದೆ ಕಳೆಯ ಬುಡವನ್ನಷ್ಟೇ ಕೊಯ್ಯುತ್ತದೆ. ತೆಲಂಗಾಣದಲ್ಲಿ ಇದೇ ಗುಂಟಕ. ವರ್ಷಕ್ಕೆ ಹಲವು ಸಲ ಹರಗುವುದು, ಬಿತ್ತಿದ ಮೇಲೆ ಸಾಲುಗಳ ನಡುವೆ ಎಡೆ ಹೊಡೆಯುವುದು, ಸಾಲಿನೊಳಗೆ ಉಳಿದದ್ದನ್ನು ಹೆಂಗಸರು ಕೈಯಿಂದ ತೆಗೆಯುವುದು: ಇದು ಕ್ರಮ. ನೇಗಿಲು ಹೂಡುತ್ತಿದ್ದುದು ಎಷ್ಟೋ ವರ್ಷಕ್ಕೊಮ್ಮೆ, ಅದೂ ಹೊಲ ಕರಕಿಗೆ ಬಿದ್ದಾಗ. ಆಗ ಒಂದು ಜೋಡಿ ಎತ್ತು ಸಾಲುತ್ತಿರಲಿಲ್ಲ. ಭಾರವಾದ ಮರದ ನೇಗಿಲಿಗೆ ಹಲವು ಜೋಡಿ ಎತ್ತು ಕಟ್ಟಿ ಆಳಕ್ಕೆ ಉಳುಮೆ ಮಾಡಿ, ದೊಡ್ಡ ದೊಡ್ಡ ಹೆಂಟೆಗಳನ್ನು ಎಬ್ಬಿಸಿ, ಬೇಸಿಗೆಯುದ್ದಕ್ಕೂ ಬಿಸಿಲಿಗೆ ಬಿಡುತ್ತಿದ್ದರು. ಎತ್ತು ಇಲ್ಲದವರು ಗುದ್ದಲಿ ಹಿಡಿದು ಅಗೆಯುತ್ತಿದ್ದರು. ಅಗೆದ ಬೇರನ್ನು ಆರಿಸಿ, ಬದುವಿನ ಮೇಲೆ ಒಣಗಿಸಿ ಸುಡುತ್ತಿದ್ದರು. ಹಸಿ ಕರಕಿಯನ್ನು ದನಕ್ಕೆ ಹಾಕುತ್ತಿದ್ದರು.

ಈ ಕೆಲಸದ ಶ್ರದ್ಧೆಯನ್ನು ಹೊರಗಿನವರೂ ಗುರುತಿಸಿದ್ದಾರೆ. ಬ್ರಿಟಿಷ್ ಸರ್ಕಾರ ಭಾರತದ ಬೇಸಾಯವನ್ನು ಹೇಗೆ ಸುಧಾರಿಸಬೇಕೆಂದು ತಿಳಿಯಲು ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಅವರನ್ನು 1889ರಲ್ಲಿ ಕಳುಹಿಸಿತು. ದೇಶ ಸುತ್ತಿದ ವೋಲ್ಕರ್ 1893ರಲ್ಲಿ ಪ್ರಕಟವಾದ ವರದಿಯಲ್ಲಿ ಭಾರತದ ರೈತನಿಗೆ ಕಲಿಸಬೇಕಾದದ್ದು ಅಂದುಕೊಂಡಷ್ಟು ಇಲ್ಲ ಎಂದರು. ಹೊಲವನ್ನು ಕಳೆಯಿಲ್ಲದೆ ಇಟ್ಟುಕೊಳ್ಳುವುದರಲ್ಲಿ ಇವರಿಗಿಂತ ಒಳ್ಳೆಯ ಮಾದರಿ ಬೇರೆಲ್ಲೂ ಸಿಗದು ಎಂಬರ್ಥದ ಮಾತು ಆ ವರದಿಯಲ್ಲಿದೆ. ಆ ಚೊಕ್ಕ ಹೊಲಗಳ ಹಿಂದೆ ಎಷ್ಟು ಜನರ ಬೆನ್ನು ಬಾಗಿತ್ತು ಎಂಬುದು ಮಾತ್ರ ಅಂಥ ಹೊಗಳಿಕೆಯಲ್ಲಿ ಕಾಣುವುದಿಲ್ಲ.

ಕಬ್ಬಿಣದ ನೇಗಿಲು, ರಾಯಚೂರಿನ ಪ್ರಯೋಗ

ಬೇರನ್ನು ಆಳದಿಂದ ಕೀಳಲು ಕಬ್ಬಿಣದ ನೇಗಿಲು ಬೇಕೆಂಬ ಯೋಚನೆ 20ನೆಯ ಶತಮಾನದ ಆರಂಭದಲ್ಲಿ ಬಂತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ತಾಕಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂಬುದು ಆ ಉದ್ಯಮದ ಕಥೆಗಳಲ್ಲಿ ಪ್ರಸಿದ್ಧ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದ ಮೇಲೆ ನೇಗಿಲುಗಳು ದಖ್ಖನಿನ ಊರುಗಳಿಗೆ ಹರಿದವು.

1930ರ ದಶಕದಲ್ಲಿ ಬರಗಾಲದ ಪ್ರದೇಶಗಳ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಲು ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ ಐದು ಕೇಂದ್ರಗಳಿಗೆ ಹಣ ಕೊಟ್ಟಿತು: ಸೊಲ್ಲಾಪುರ, ಬಿಜಾಪುರ, ಬಳ್ಳಾರಿ ಬಳಿಯ ಹಗರಿ, ರಾಯಚೂರು ಮತ್ತು ಉತ್ತರದ ರೋಹ್ತಕ್. ಐದರಲ್ಲಿ ಮೂರು ಕನ್ನಡದ ನೆಲದಲ್ಲಿ, ಆದರೆ ಮೂರು ಬೇರೆ ಬೇರೆ ಆಡಳಿತಗಳ ಕೆಳಗೆ. ಬಿಜಾಪುರ ಮುಂಬೈ ಪ್ರಾಂತ್ಯದ್ದು, ಹಗರಿ ಮದರಾಸಿನದು, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಸಂಸ್ಥಾನದ ಒಣಬೇಸಾಯದ ಪಾಠಗಳು ರಾಜಧಾನಿಯಲ್ಲಿ ಹುಟ್ಟಲಿಲ್ಲ, ಕೃಷ್ಣೆ ತುಂಗಭದ್ರೆಗಳ ನಡುವಿನ ಕನ್ನಡದ ಎರೆ ಭೂಮಿಯಲ್ಲಿ ಹುಟ್ಟಿದವು.

ಮುಂಬೈ ಪ್ರಾಂತ್ಯದ ಕೇಂದ್ರಗಳಿಂದ ಬಂದ ಸಲಹೆಯ ಮುಖ್ಯ ಅಂಶಗಳು ಇವು: ಬದು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾದ ಉಳುಮೆ, ಮೂರು ವರ್ಷಕ್ಕೊಮ್ಮೆ ತಿಪ್ಪೆ ಗೊಬ್ಬರ, ಮೇಲಿಂದ ಮೇಲೆ ಹರಗುವುದು, ಅಗಲ ಸಾಲಿನಲ್ಲಿ ಕಡಿಮೆ ಬೀಜ ಬಿತ್ತಿ ಎಡೆ ಹೊಡೆಯುವುದು. ಎನ್.ವಿ. ಕಾನಿಟ್ಕರ್ 1944ರಲ್ಲಿ ಈ ಅನುಭವವನ್ನು ಒಂದು ಗ್ರಂಥದಲ್ಲಿ ಕ್ರೋಡೀಕರಿಸಿದರು. ಇಳುವರಿ ಏರಿತು, ಆದರೆ ಪಟ್ಟ ಪಾಡಿಗೆ ತಕ್ಕಷ್ಟು ಏರಲಿಲ್ಲ. ರೈತರು ಸಲಹೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲಿಲ್ಲ. ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಕಾರಣ ಊಹಿಸುವುದು ಕಷ್ಟವಲ್ಲ. ಅದರಲ್ಲಿ ಅರ್ಧದಷ್ಟು ರೈತರು ಆಗಲೇ ಮಾಡುತ್ತಿದ್ದ ಕೆಲಸ. ಉಳಿದರ್ಧಕ್ಕೆ ಎತ್ತು, ಹಣ, ಆಳು ಬೇಕು.

ಆಳದ ಉಳುಮೆಗೆ ಇನ್ನೊಂದು ಷರತ್ತಿದೆ. ನೇಗಿಲು ಬೇರನ್ನು ಕೊಲ್ಲುವುದಿಲ್ಲ, ಕತ್ತರಿಸಿ ಮೇಲಕ್ಕೆ ತರುತ್ತದೆ ಅಷ್ಟೇ. ಕೊಲ್ಲುವುದು ಬಿಸಿಲು. ಉತ್ತ ಮೇಲೆ ವಾರಗಟ್ಟಲೆ ಒಣ ಹವೆ ಇದ್ದರೆ ಗೆಲುವು. ಮರುದಿನವೇ ಮಳೆ ಬಿದ್ದರೆ ಒಂದು ಗರಿಕೆಯನ್ನು ನೂರಾಗಿ ನೆಟ್ಟ ಹಾಗೆ. ಇಂದು ಟ್ರ್ಯಾಕ್ಟರಿಗೆ ರೋಟವೇಟರ್ ಕಟ್ಟಿ ಮುಂಗಾರಿನ ಹೊಸ್ತಿಲಲ್ಲಿ ನೆಲವನ್ನು ಪುಡಿ ಮಾಡುವವರು ಮರುವರ್ಷ ಹೊಲ ತುಂಬ ಜೇಕು ಕಂಡು ಬೆರಗಾಗುವುದು ಇದೇ ಕಾರಣಕ್ಕೆ.

ಟ್ರ್ಯಾಕ್ಟರು ಮತ್ತು ಔಷಧ

ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಧಾನ್ಯದ ಕೊರತೆ. ಮಧ್ಯ ಭಾರತದ ಕಪ್ಪು ಮಣ್ಣಿನಲ್ಲಿ ಕಬ್ಬಿನ ಜಾತಿಗೇ ಸೇರಿದ ಕಾನ್ಸ್ ಹುಲ್ಲು ಹಬ್ಬಿ ಲಕ್ಷಾಂತರ ಎಕರೆ ಬೀಳು ಬಿದ್ದಿತ್ತು. ಅದರ ಬೇರು ಎತ್ತಿನ ನೇಗಿಲಿಗೆ ಎಟುಕುವ ಆಳದಲ್ಲಿರಲಿಲ್ಲ. ಸರ್ಕಾರ ಕೇಂದ್ರ ಟ್ರ್ಯಾಕ್ಟರ್ ಸಂಘಟನೆಯನ್ನು ಕಟ್ಟಿತು. 1949ರ ಸೆಪ್ಟೆಂಬರಿನಲ್ಲಿ ವಿಶ್ವ ಬ್ಯಾಂಕ್ ಭಾರತಕ್ಕೆ 1 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಭಾರತಕ್ಕೆ ಆ ಬ್ಯಾಂಕಿನಿಂದ ಸಿಕ್ಕ ಮೊದಲ ಸಾಲ ರೈಲಿಗೆ, ಎರಡನೆಯದು ಇದು: ಒಂದು ಹುಲ್ಲಿನ ಬೇರನ್ನು ಕೀಳುವ ಭಾರಿ ಟ್ರ್ಯಾಕ್ಟರುಗಳಿಗೆ.

ಅದೇ ಹೊತ್ತಿಗೆ ರಸಾಯನವೂ ಬಂದಿತ್ತು. 1937ರಲ್ಲಿ ಪಂಜಾಬಿನಲ್ಲಿ ಸೋಡಿಯಂ ಆರ್ಸೆನೈಟ್ ಎಂಬ ವಿಷದಿಂದ ಕಳೆ ಕೊಲ್ಲುವ ಪ್ರಯೋಗ ನಡೆಯಿತು. 1946ರಲ್ಲಿ 2,4-ಡಿ ಎಂಬ ಹೊಸ ಔಷಧವನ್ನು ಇಲ್ಲಿ ಪರೀಕ್ಷಿಸಿದರು. ಅದು ಅಗಲ ಎಲೆಯ ಕಳೆಗಳನ್ನು ಕೊಂದು ಹುಲ್ಲಿನ ಜಾತಿಯನ್ನು ಬಿಡುತ್ತದೆ. ಗೋಧಿಯ ಹೊಲಕ್ಕೆ ಅದು ವರ. ಗರಿಕೆಯ ಮಟ್ಟಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ, ಏಕೆಂದರೆ ಗರಿಕೆಯೂ ಹುಲ್ಲೇ.

ಬೇರಿನ ತನಕ ಇಳಿದು ಕೊಲ್ಲುವ ಔಷಧ ಸಿಕ್ಕಿದ್ದು 1970ರಲ್ಲಿ. ಅಮೆರಿಕದ ಮಾನ್ಸಾಂಟೊ ಕಂಪನಿಯ ರಸಾಯನಶಾಸ್ತ್ರಜ್ಞ ಜಾನ್ ಫ್ರಾಂಜ್ ಗ್ಲೈಫೊಸೇಟಿನ ಗುಣವನ್ನು ಕಂಡುಕೊಂಡರು. 1974ರಲ್ಲಿ ರೌಂಡಪ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಹಸಿರು ಎಲೆಯ ಮೇಲೆ ಬಿದ್ದ ಔಷಧ ಗಿಡದ ರಸದೊಂದಿಗೆ ಬೇರಿಗೆ, ಗಡ್ಡೆಗೆ ಇಳಿಯುತ್ತದೆ. ಗಿಡಕ್ಕೆ ಬೇಕಾದ ಕೆಲವು ಅಮೈನೊ ಆಮ್ಲಗಳನ್ನು ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಗಿಡ ಹಳದಿಯಾಗಿ ಸಾಯುತ್ತದೆ. ಆದರೆ ಜೇಕಿನ ವಿಷಯದಲ್ಲಿ ಇದಕ್ಕೂ ಮಿತಿಯುಂಟು. ಎಲೆ ಬಿಟ್ಟಿರುವ ಗಡ್ಡೆ ಸಾಯುತ್ತದೆ, ಮಲಗಿರುವ ಗಡ್ಡೆ ಉಳಿಯುತ್ತದೆ. ಒಮ್ಮೆ ಹೊಡೆದರೆ ಮುಗಿಯಿತು ಎನ್ನುವ ಹಾಗಿಲ್ಲ.

ಪಟಾನ್‌ಚೆರುವಿನ ಪಾಠ

ಹೈದರಾಬಾದಿನಿಂದ ವಾಯವ್ಯಕ್ಕೆ, ಬೀದರ ಕಡೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟಿಗೆ ಸಿಕ್ಕ ಭೂಮಿ ಸುಮಾರು 1,400 ಹೆಕ್ಟೇರು. ಆ ಸ್ಥಳದ ವಿಶೇಷವೆಂದರೆ ಒಂದೇ ಬೇಲಿಯೊಳಗೆ ಎರಡು ಮಣ್ಣು. ಒಂದು ಕಡೆ ತೆಲಂಗಾಣದವರು ರೇಗಡಿ ಎನ್ನುವ ಕಪ್ಪು ಎರೆ, ಇನ್ನೊಂದು ಕಡೆ ಚೆಲ್ಕ ಎನ್ನುವ ಕೆಂಪು ಮಸಾರಿ. ಜೇಕೂ ಗರಿಕೆಯೂ ಎರಡರಲ್ಲೂ ಇದ್ದವು.

ಅಲ್ಲಿ ನಡೆದ ಕೆಲಸದಲ್ಲಿ ಎರಡು ಸಂಗತಿ ಕಳೆಯ ಕಥೆಗೆ ಮುಖ್ಯ. ಮೊದಲನೆಯದು ಉಳುಮೆಯ ಕಾಲ. ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಾಗಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಎರಡೂ ಸ್ಥಿತಿಯಲ್ಲಿ ಉಳಲಾಗದು. ಹಿಂಗಾರಿ ಬೆಳೆ ಕೊಯ್ದ ಕೂಡಲೇ, ಮಣ್ಣಿನಲ್ಲಿ ಚೂರು ಹಸಿ ಇರುವಾಗಲೇ ಉತ್ತುಬಿಟ್ಟರೆ ಮುಂದಿನ ಮೂರು ನಾಲ್ಕು ತಿಂಗಳ ಬಿಸಿಲು ಬೇರನ್ನು ಒಣಗಿಸುತ್ತದೆ. ಹಳೆಯ ಹೆಂಟೆ ಎಬ್ಬಿಸುವ ವಿದ್ಯೆಯನ್ನೇ ಒಂದು ಜೋಡಿ ಎತ್ತು, ಚಕ್ರದ ಮೇಲೆ ಕೂರಿಸಿದ ಸಲಕರಣೆ ಮತ್ತು ಸರಿಯಾದ ದಿನಾಂಕದಿಂದ ಮಾಡಬಹುದೆಂದು ತೋರಿಸಿದರು.

ಎರಡನೆಯದು ನೆರಳು. ಜೋಳದ ಸಾಲುಗಳ ನಡುವೆ ತೊಗರಿ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ತೊಗರಿ ನಿಧಾನವಾಗಿ ಬೆಳೆಯುತ್ತದೆ. ಮೊದಲ ಒಂದೆರಡು ತಿಂಗಳು ನೆಲ ಬಯಲಾಗಿದ್ದು ಕಳೆಗೆ ಹಬ್ಬ. ಅಲ್ಲಿ ಅಲಸಂದೆ, ಹೆಸರಿನಂಥ ಬೇಗ ಹರಡುವ ಮೂರನೆಯ ಬೆಳೆ ಬಿತ್ತಿ ನೆಲ ಮುಚ್ಚಿದರೆ ಏನಾಗುತ್ತದೆ ಎಂದು ಶೆಟ್ಟಿ ಮತ್ತು ಎಂ.ಆರ್. ರಾವ್ ಪ್ರಯೋಗ ಮಾಡಿದರು. ಕಳೆ ತಗ್ಗಿತು, ಕೈಗಳೆಯ ಸುತ್ತು ಕಡಿಮೆಯಾಯಿತು. ಮಿಶ್ರ ಬೆಳೆ ಎಂದರೆ ಬರದ ವಿಮೆ ಮಾತ್ರವಲ್ಲ, ಕಳೆಯ ಮೇಲೆ ಹಾಸಿದ ಚಾದರವೂ ಹೌದು ಎಂಬುದು ಅಂಕಿಗಳಲ್ಲಿ ಕಂಡಿತು.

1975ರಿಂದ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಹಳ್ಳಿಗಳಲ್ಲೇ ಜನರನ್ನು ಇರಿಸಿ ಮನೆಮನೆಯ ಲೆಕ್ಕ ಬರೆಸತೊಡಗಿದ್ದರು. ಹೈದರಾಬಾದಿನ ದಕ್ಷಿಣಕ್ಕೆ, ಅಂದಿನ ಮಹಬೂಬ್‌ನಗರ ಜಿಲ್ಲೆಯ ಔರೆಪಲ್ಲಿ ಮತ್ತು ದೋಕೂರು, ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಲ್ಮಣ, ಅಕೋಲಾ ಕಡೆಯ ಕಂಜಾರಾ ಮತ್ತು ಕಿನಖೇಡ. ಯಾರು ಎಷ್ಟು ದಿನ ಯಾವ ಕೆಲಸ ಮಾಡಿದರು, ಎಷ್ಟು ಕೂಲಿ ಪಡೆದರು ಎಂಬುದೆಲ್ಲ ವರ್ಷಗಟ್ಟಲೆ ದಾಖಲಾಯಿತು. ಉಳುವವನು ಗಂಡು, ಬಿತ್ತುವವನು ಗಂಡು, ಎಡೆ ಹೊಡೆಯುವವನು ಗಂಡು. ಎತ್ತು ಹೋಗದ ಕಡೆ ಕುಕ್ಕರಗಾಲಿನಲ್ಲಿ ಕೂತು, ಕಳೆಗುದ್ದಲಿ ಹಿಡಿದು ಸಾಲು ಸಾಲು ಸಾಗುವವಳು ಹೆಣ್ಣು, ಆಕೆಯ ಕೂಲಿ ಗಂಡಿಗಿಂತ ಕಡಿಮೆ. ಬಿನ್ಸ್‌ವಾಂಗರ್ ಮತ್ತು ಶೆಟ್ಟಿ ಕೇಳಿದ ಪ್ರಶ್ನೆಯ ಹಿಂದೆ ಇದ್ದದ್ದು ಇಂಥ ಹೊಲಗಳು.

ಯಾವುದು ಕಳೆ?

ಅದೇ ಬೀದರ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಜಹೀರಾಬಾದ್. ಅದರ ಪಕ್ಕದ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಸ್ಥಾಪಕರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಅವರು 2023ರಲ್ಲಿ ತೀರಿಕೊಂಡರು. ಸಂಸ್ಥೆಯ ಬೆನ್ನೆಲುಬು ದಲಿತ ಹೆಂಗಸರ ಸಂಘಗಳು. ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟುವ ಎಷ್ಟೋ ಬಗೆಯ ಸೊಪ್ಪುಗಳನ್ನು ಆ ಹೆಂಗಸರು ಗುರುತಿಸಿ, ಹೆಸರು ಹೇಳಿ, ಅಡುಗೆ ಮಾಡಿ ತೋರಿಸಿದರು. ಕೃಷಿ ಪುಸ್ತಕದಲ್ಲಿ ಅವೆಲ್ಲ ಕಳೆ. ಅವರ ಮನೆಯಲ್ಲಿ ಅದು ಮಳೆಗಾಲದ ಪಲ್ಯ, ಅದೂ ಕಾಸಿಲ್ಲದೆ ಸಿಗುವ ಪಲ್ಯ. ಕಳೆ ತೆಗೆಯುವ ಹೆಣ್ಣು ಮನೆಗೆ ಮರಳುವಾಗ ಕೂಲಿಯ ಜೊತೆ ಮಡಿಲಲ್ಲಿ ಸೊಪ್ಪನ್ನೂ ತರುತ್ತಾಳೆ. ಔಷಧ ಹೊಡೆದ ಹೊಲದಿಂದ ಎರಡನ್ನೂ ತರಲಾಗದು.

ಜೋಳದ ಹೊಲದ ಅಂಥ ಒಂದು ಕಳೆ ಗುನುಗು. ಕನ್ನಡದಲ್ಲಿ ಅಣ್ಣೆ ಸೊಪ್ಪು. ಎಳೆಯದಾಗಿದ್ದಾಗ ಸಾರಿಗೆ ಬೀಳುತ್ತದೆ. ಬಲಿತ ಮೇಲೆ ಬಿಳಿ ಗುಲಾಬಿ ಬಣ್ಣದ ತೆನೆಯಂಥ ಹೂ ಬಿಡುತ್ತದೆ. ತೆಲಂಗಾಣದ ಹೆಂಗಸರು ನವರಾತ್ರಿಯ ದಿನಗಳಲ್ಲಿ ಕಟ್ಟುವ ಬತುಕಮ್ಮನ ಹೂಗೋಪುರದಲ್ಲಿ ತಂಗಡಿಯ ಹಳದಿಯ ಜೊತೆ ಗುನುಗು ಇರಲೇಬೇಕು. ಹೊಲದಲ್ಲಿ ಕಿತ್ತೆಸೆಯುವ ಗಿಡ, ಹಬ್ಬದಲ್ಲಿ ದೇವಿ.

ಜೇಕು ಗರಿಕೆಗಳಿಗೂ ಇಂಥ ಎರಡು ಮುಖಗಳಿವೆ. ಗರಿಕೆಯಿಲ್ಲದೆ ಗಣಪನ ಪೂಜೆಯಿಲ್ಲ. ಜೇಕಿನ ಗಡ್ಡೆ ಆಯುರ್ವೇದದಲ್ಲಿ ಮುಸ್ತಾ. ಹೈದರಾಬಾದಿನ ಯುನಾನಿ ಹಕೀಮರಿಗೆ ಅದು ಸಾದ್ ಕೂಫಿ, ಹೊಟ್ಟೆಯ ತೊಂದರೆಗಳಿಗೆ ಕೊಡುವ ಮದ್ದುಗಳಲ್ಲೊಂದು. ಚಾರ್‌ಮಿನಾರಿನ ಎದುರೇ ಇರುವ ನಿಜಾಮಿಯಾ ಆಸ್ಪತ್ರೆಯಲ್ಲಿ ಆ ಪದ್ಧತಿ ಇಂದಿಗೂ ನಡೆದಿದೆ. ಇನ್ನೂ ಹಿಂದಕ್ಕೆ ಹೋದರೆ ಸುಡಾನಿನ ಅಲ್ ಖಿದಾಯ್ ಎಂಬಲ್ಲಿ ಸಾವಿರಾರು ವರ್ಷಗಳ ಹಿಂದಿನ ಅಸ್ಥಿಪಂಜರಗಳ ಹಲ್ಲಿನ ಕಿಟ್ಟದಲ್ಲಿ ಜೇಕಿನ ಗಡ್ಡೆಯ ಕುರುಹುಗಳು ಸಿಕ್ಕವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬೇಸಾಯ ಕಲಿಯುವ ಮೊದಲೂ ಕಲಿತ ಮೇಲೂ ಅಲ್ಲಿನ ಜನ ಅದನ್ನು ತಿನ್ನುತ್ತಿದ್ದರು. ಪ್ರಪಂಚದ ಅತಿ ಕೆಟ್ಟ ಕಳೆ ಒಂದು ಕಾಲಕ್ಕೆ ಊಟವಾಗಿತ್ತು.

ಇದರಿಂದ ಜೇಕು ಒಳ್ಳೆಯದಾಗಿಬಿಡುವುದಿಲ್ಲ. ತನ್ನ ಎರಡು ಎಕರೆ ಹತ್ತಿಯಲ್ಲಿ ಅದನ್ನು ಕಂಡ ರೈತನಿಗೆ ಅದರ ಔಷಧಿ ಗುಣ ಹೇಳುವುದು ಕುಚೋದ್ಯ. ಆದರೆ ಕಳೆ ಎಂಬುದು ಗಿಡದ ಗುಣವಲ್ಲ, ಅದು ನಿಂತ ಜಾಗದ ಹೆಸರು ಎಂಬುದು ಇದರಿಂದ ತಿಳಿಯುತ್ತದೆ.

ಪ್ರಶ್ನೆ ಮರಳಿ ಬಂತು

1977ರ ಲೆಕ್ಕ ನಿಂತಿದ್ದು ಅಂದಿನ ಕೂಲಿಯ ಮೇಲೆ. ಕೂಲಿ ಬದಲಾಯಿತು. ಹೈದರಾಬಾದ್ ಬೆಳೆದು ಸುತ್ತಿನ ಊರುಗಳ ಗಂಡಸರನ್ನು ಎಳೆದುಕೊಂಡಿತು. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಬಂತು. ಮೊದಲ ಹಂತದ ಜಿಲ್ಲೆಗಳಲ್ಲಿ ಮಹಬೂಬ್‌ನಗರವೂ ಇತ್ತು, ರಾಯಚೂರು, ಗುಲ್ಬರ್ಗ, ಬೀದರ ಕೂಡ ಇದ್ದವು. ಗಂಡು ಹೆಣ್ಣಿಗೆ ಒಂದೇ ಕೂಲಿ ಎಂಬ ಮಾತು ಕಾಗದದ ಮೇಲಾದರೂ ಗಟ್ಟಿಯಾಯಿತು. ಕಳೆಯ ಕಾಲದಲ್ಲಿ ಆಳು ಸಿಗುವುದಿಲ್ಲ, ಸಿಕ್ಕರೆ ದುಬಾರಿ ಎಂಬ ರೈತರ ದೂರು ಎಲ್ಲೆಡೆ ಕೇಳತೊಡಗಿತು. ಆ ದೂರಿನ ಇನ್ನೊಂದು ಬದಿಯೆಂದರೆ ತಲೆಮಾರುಗಳಿಂದ ಕಡಿಮೆ ಕೂಲಿಗೆ ಬಾಗಿದ ಹೆಂಗಸರಿಗೆ ಮೊದಲ ಸಲ ಬೇರೆ ಆಯ್ಕೆ ಸಿಕ್ಕಿದ್ದು.

ಆಗ ಔಷಧದ ಲೆಕ್ಕವೂ ತಿರುಗಿತು. ಗ್ಲೈಫೊಸೇಟನ್ನು ತಾಳಿಕೊಳ್ಳುವ ಹತ್ತಿಯ ಬೀಜ ಅನುಮತಿಯಿಲ್ಲದೆಯೇ ತೆಲಂಗಾಣ, ಆಂಧ್ರ, ಮಹಾರಾಷ್ಟ್ರ, ಗುಜರಾತಿನ ಹೊಲಗಳಿಗೆ ಹರಡಿತು. ಭಾರತದಲ್ಲಿ ಗ್ಲೈಫೊಸೇಟಿಗೆ ಇದ್ದ ಒಪ್ಪಿಗೆ ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ ಮಾತ್ರ. ಈ ಬೀಜದಿಂದ ಅದು ನಿಂತ ಬೆಳೆಯ ಮೇಲೆಯೇ ಬೀಳತೊಡಗಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಗ್ಲೈಫೊಸೇಟನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಬೇರೆ ಕೆಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ. 2018ರ ಜುಲೈನಲ್ಲಿ ಹೈದರಾಬಾದಿನಿಂದ ತೆಲಂಗಾಣ ಸರ್ಕಾರ ಗ್ಲೈಫೊಸೇಟ್ ಮೇಲೆ ನಿರ್ಬಂಧ ಹಾಕಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣದ ಪರವಾನಗಿ ಇರುವವರ ಹೊರತು ಬೇರೆ ಯಾರೂ ಅದನ್ನು ಬಳಸಬಾರದೆಂದು ಆದೇಶಿಸಿತು.

ಆದೇಶದಿಂದ ಔಷಧ ನಿಲ್ಲಬಹುದು, ಜೇಕು ನಿಲ್ಲದು. ಔಷಧ ಬೇಡವೆಂದರೆ ಯಾರೋ ಬಾಗಬೇಕು, ಅವರ ಬೆನ್ನಿಗೆ ತಕ್ಕ ಕೂಲಿಯನ್ನು ಯಾರೋ ಕೊಡಬೇಕು. ಹತ್ತಿಗೆ, ಜೋಳಕ್ಕೆ ಸಿಗುವ ಬೆಲೆಯಲ್ಲಿ ಆ ಕೂಲಿ ಹುಟ್ಟುವುದಿಲ್ಲ ಎಂಬಲ್ಲಿ ಗಂಟು ಬಿದ್ದಿದೆ.

ಮಾಳಿಗೆಯ ಮೇಲೆ

ಹೈದರಾಬಾದ್ ನಗರದೊಳಗೆ ಈ ಕಥೆಗೆ ಒಂದು ಸಣ್ಣ ರೂಪವಿದೆ. ಮನೆಯ ಹಿತ್ತಲು, ಮಾಳಿಗೆಯ ಕುಂಡಗಳಲ್ಲಿ ತರಕಾರಿ ಬೆಳೆಯುವವರು ಹೆಚ್ಚಿದ್ದಾರೆ. ಊರ ಹೊರಗಿನಿಂದ ತಂದ ಕೆಂಪು ಮಣ್ಣಿನ ಚೀಲದಲ್ಲಿ ಜೇಕಿನ ಗಡ್ಡೆಯೂ ಬರುತ್ತದೆ. ಹೊಲದಲ್ಲಿ ಶತಮಾನಗಳಿಂದ ನಡೆದ ಜಗಳ ಒಂದು ಕುಂಡದೊಳಗೆ ಮೊದಲಿಂದ ಶುರುವಾಗುತ್ತದೆ.

ಅಲ್ಲೂ ಕೆಲಸಕ್ಕೆ ಬರುವುದು ಹೊಲದ ವಿದ್ಯೆಯೇ. ಎಲೆ ಜಗ್ಗಬಾರದು, ಕುಂಡ ಬೋರಲು ಹಾಕಿ ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಬೇಕು. ಹಿತ್ತಲಿನಲ್ಲಾದರೆ ಸಲಿಕೆಯಿಂದ ಕತ್ತರಿಸದೆ ಮುಳ್ಳುಗೋಲಿನಂಥ ಸಲಕರಣೆಯಿಂದ ಸಡಿಲಿಸಿ, ಬೇರು ಇಡಿಯಾಗಿ ಬರುವಂತೆ ಎತ್ತಬೇಕು. ಒಮ್ಮೆ ಮಾಡಿ ಬಿಡುವಂತಿಲ್ಲ. ಉಳಿದ ಗಡ್ಡೆ ಚಿಗುರಿ ಹೊಸ ಗಡ್ಡೆ ಕಟ್ಟುವ ಮೊದಲು, ಅಂದರೆ ಎರಡು ಮೂರು ವಾರಕ್ಕೊಮ್ಮೆ, ಮತ್ತೆ ಮತ್ತೆ ತೆಗೆಯಬೇಕು. ಕೂಡಿಟ್ಟ ಬಂಡವಾಳ ಕರಗುವ ತನಕ ಅದು ಚಿಗುರುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣು ಕಾಯಿಸುವ ವಿಧಾನ ಬೇರೆ ಕಳೆಗಳ ಬೀಜಕ್ಕೆ ಚೆನ್ನಾಗಿ ತಾಕುತ್ತದೆ, ಆದರೆ ಜೇಕಿನ ಸೂಜಿಯಂಥ ಮೊಳಕೆ ತೆಳು ಹಾಳೆಯನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ. ಅಲಸಂದೆ, ಗೆಣಸಿನ ದಟ್ಟ ಬಳ್ಳಿಯ ನೆರಳು ಅದಕ್ಕಿಂತ ಗಟ್ಟಿ.

ಕಿತ್ತದ್ದನ್ನು ಏನು ಮಾಡುವುದು ಎಂಬುದು ಕಿತ್ತಷ್ಟೇ ಮುಖ್ಯ. ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಿದರೆ ಗುಂಡಿಯೇ ಸಸಿತೋಟವಾಗುತ್ತದೆ. ಮನೆಯ ಸಣ್ಣ ಗೊಬ್ಬರದ ರಾಶಿ ಗಡ್ಡೆ ಸಾಯುವಷ್ಟು ಬಿಸಿಯಾಗುವುದು ಅಪರೂಪ. ಬೇಲಿಯಾಚೆ ಎಸೆದರೆ ಅದು ಪಕ್ಕದವರ ಪಾಲು, ಮಳೆ ಬಂದರೆ ಮೋರಿಯಗುಂಟ ಇಡೀ ಬೀದಿಯ ಪಾಲು. ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ವಾರಗಟ್ಟಲೆ ಕೊಳೆಸಿ, ಆ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಎಲ್ಲಕ್ಕಿಂತ ಸುಲಭದ್ದು ಏಪ್ರಿಲ್, ಮೇ ತಿಂಗಳಲ್ಲಿ ಕಾದ ಮಾಳಿಗೆಯ ಮೇಲೆ ಗಡ್ಡೆಗಳನ್ನು ತೆಳುವಾಗಿ ಹರಡಿ ಎರಡು ವಾರ ಬಿಡುವುದು. ಹಿಸುಕಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಅದು ಬರೀ ಗೊಬ್ಬರ.

ಹಲವು ಜೋಡಿ ಎತ್ತಿನ ನೇಗಿಲು, ಬೆಳಗಾವಿಯ ಕಬ್ಬಿಣ, ವಿಶ್ವ ಬ್ಯಾಂಕಿನ ಟ್ರ್ಯಾಕ್ಟರು, ಮಾನ್ಸಾಂಟೊದ ಬಾಟಲಿ ಎಲ್ಲವನ್ನೂ ದಾಟಿ ಜೇಕು ಇಲ್ಲಿಯ ತನಕ ಬಂದಿದೆ. ಕುಂಡದ ಜೇಕನ್ನು ಆರಿಸುವವರು ಅದನ್ನು ತಮ್ಮ ಇಷ್ಟಕ್ಕೆ, ಬಿಡುವಿನ ಹೊತ್ತಿನಲ್ಲಿ, ನೆರಳಿನಲ್ಲಿ ಕೂತು ಮಾಡುತ್ತಾರೆ. ಅದೇ ಕೆಲಸವನ್ನು ಔರೆಪಲ್ಲಿಯಂಥ ಊರುಗಳಲ್ಲಿ, ರಾಯಚೂರಿನ ಎರೆ ಹೊಲಗಳಲ್ಲಿ ಇನ್ನೂ ದಿನಗೂಲಿಗೆ ಮಾಡುವವರಿದ್ದಾರೆ. ಒಂದು ಕುಂಡದ ಗಡ್ಡೆ ಆರಿಸಲು ಅರ್ಧ ಗಂಟೆ ಹಿಡಿಯುತ್ತದೆ ಎಂದುಕೊಂಡರೆ ಒಂದು ಎಕರೆಗೆ ಎಷ್ಟು ಎಂಬ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ತರಕಾರಿಗೂ ಜೋಳಕ್ಕೂ ನಾವು ಕೊಡುವ ಬೆಲೆಯಲ್ಲಿ ಆ ಲೆಕ್ಕ ಇನ್ನೂ ಸೇರಿಲ್ಲ.